ಗಾಳಕ್ಕೆ ರಾಡ್, ರೀಲ್, ದಾರ ಆರಿಸುವುದು ಹೇಗೆ? ದಾರದಿಂದ ಶುರು ಮಾಡಿ

"ಸೂಳೆಕೆರೆಗೆ ಯಾವ ರಾಡ್ ಒಳ್ಳೇದು?" "ಮಾರಿಕಣಿವೆಯಲ್ಲಿ ಕಾಟ್ಲಾ ಹಿಡಿಯೋಕೆ ಎಷ್ಟು ಅಡಿ ರಾಡ್ ಬೇಕು?" "ಆನ್‌ಲೈನ್‌ನಲ್ಲಿ ರಾಡು, ರೀಲು, ಗಾಳ ಎಲ್ಲಾ ಸೇರಿ ಒಂದು ಸೆಟ್ ಸಿಗುತ್ತೆ, ತಗೋಬಹುದಾ?" ದಾವಣಗೆರೆ, ಚಿತ್ರದುರ್ಗದ ಕಡೆಯ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಕೇಳುವವರೆಲ್ಲ ರಾಡ್‌ನಿಂದ ಶುರು ಮಾಡುತ್ತಾರೆ. ರಾಡ್ ಉದ್ದವಾಗಿ, ಹೊಳಪಾಗಿ ಕಣ್ಣಿಗೆ ಕಾಣುತ್ತದೆ, ಅಲ್ವಾ? ಆದರೆ ಮೀನಿಗೂ ನಿಮಗೂ ನಡುವೆ ಇರುವುದು ದಾರ. ದಾರ ಸರಿ ಇಲ್ಲದಿದ್ದರೆ ಎಷ್ಟು ದುಬಾರಿ ರಾಡ್ ಇದ್ದರೂ ಉಪಯೋಗವಿಲ್ಲ. ಆದ್ದರಿಂದ ನಾನು ಹೇಳುವ ಕ್ರಮ ತಿರುಗುಮುರುಗು: ಮೊದಲು ಯಾವ ನೀರು, ಯಾವ ಮೀನು ಎಂದು ತೀರ್ಮಾನ ಮಾಡಿ. ಅದಕ್ಕೆ ತಕ್ಕ ದಾರ. ಆ ದಾರ ಹಿಡಿಸುವ ರೀಲ್. ಆ ರೀಲಿಗೆ ಹೊಂದುವ ರಾಡ್ ಕೊನೆಗೆ.

ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಇನ್ನೊಂದು ಕೆಲಸ ಇದೆ. ನಮ್ಮ ಕಡೆಯ ಹೆಚ್ಚಿನ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರರೋ ಮೀನುಗಾರರ ಸಹಕಾರ ಸಂಘದವರೋ ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ. ಅವರನ್ನು ಕೇಳದೆ ಗಾಳ ಹಾಕಿದರೆ ಅದು ಕಳ್ಳತನವೇ. ನದಿ, ಜಲಾಶಯಗಳಿಗೆ ಪರವಾನಗಿಯ ವಿಚಾರ ಬರುತ್ತದೆ. ಕರ್ನಾಟಕದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆಯೇ ಇದೆ. ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಒಂದು ಸಲ ಹೋಗಿ, "ಇಂಥ ಕಡೆ ಗಾಳ ಹಾಕಬೇಕು, ಏನು ಮಾಡಬೇಕು?" ಎಂದು ಕೇಳಿ. ಕುಂದವಾಡ ಕೆರೆಯಂಥ ಕುಡಿಯುವ ನೀರಿನ ಕೆರೆಗಳ ತಂಟೆಗೆ ಹೋಗಲೇಬೇಡಿ.

1. ನೀರು ಯಾವುದು, ಮೀನು ಯಾವುದು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ವಿಶಾಲವಾದ ನೀರು. ಸಾಮಾನ್ಯವಾಗಿ ದೂರ ಎಸೆಯಬೇಕಾಗುತ್ತದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆ, ಅಂದರೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಬೇರೆ ತರಹದ್ದು. 1907ರಲ್ಲಿ ಮುಗಿದ ಅಣೆಕಟ್ಟು, ಎರಡು ಗುಡ್ಡಗಳ ನಡುವೆ ಇದೆ. ಗುಡ್ಡದ ಬದಿಯಲ್ಲಿ ನೀರು ಆಳ, ತಳದಲ್ಲಿ ಕಲ್ಲು. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಷ್ಟು ವರ್ಷ ಒಣಗಿದ್ದ ಅಂಚಿನಲ್ಲಿ ಬೆಳೆದ ಗಿಡಗಂಟಿ ನೀರು ತುಂಬಿದಾಗ ಮುಳುಗುತ್ತದೆ. ಅಂಥ ಕಡೆ ದಾರ ಸಿಕ್ಕಿಕೊಳ್ಳುವುದು ಜಾಸ್ತಿ. ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ಹರಿವು ಇರುತ್ತದೆ, ಸೀಸ ಭಾರ ಬೇಕು. ಊರ ಸಣ್ಣ ಕೆರೆಗಳಲ್ಲಿ ಬಳ್ಳಾರಿ ಜಾಲಿ, ಜೊಂಡು, ಅಂತರಗಂಗೆ.

ಇನ್ನು ಮೀನು. ನಮ್ಮಲ್ಲಿ ಗಾಳಕ್ಕೆ ಬೀಳುವವನ್ನು ನಾನು ಮೂರು ಗುಂಪು ಮಾಡುತ್ತೇನೆ.

ಸಣ್ಣ ಮೀನು: ಜಿಲೇಬಿ (ತಿಲಾಪಿಯ), ಗಿರ್ಲು, ಸಣ್ಣ ಗೆಂಡೆ. ಜಿಲೇಬಿ ನಮ್ಮ ದೇಶದ ಮೀನಲ್ಲ, 1952ರಲ್ಲಿ ಹೊರಗಿನಿಂದ ತಂದದ್ದು. ಈಗ ಎಲ್ಲ ಕೆರೆಯಲ್ಲೂ ಅದೇ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೀನು ಇಲ್ಲ.

ದೊಡ್ಡ ಗೆಂಡೆಗಳು: ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿರುತ್ತದೆ, ಅದು ನೀರಿನ ಮೇಲ್ಭಾಗದಲ್ಲಿ ತಿನ್ನುತ್ತದೆ. ರೋಹು ನಡುವೆ. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳ ಕೆದಕುತ್ತವೆ. ಇವು ಗಾಳ ಕಚ್ಚಿದ ಮೇಲೆ ದೂರ ಓಡುತ್ತವೆ, ಹಾಗಾಗಿ ರೀಲ್‌ನಲ್ಲಿ ದಾರ ಸಾಕಷ್ಟು ಇರಬೇಕು.

ಬೇಟೆ ಮೀನು: ಕೊರವ (ಮರಲ್ ಎಂದೂ ಹೇಳುತ್ತಾರೆ), ಬಾಳೆ ಮೀನು. ಕೊರವ ಜೊಂಡಿನ ಬುಡದಲ್ಲಿ ಇರುತ್ತದೆ. ಕಚ್ಚಿದ ತಕ್ಷಣ ಕಸದೊಳಗೆ ನುಗ್ಗುತ್ತದೆ. ಇಲ್ಲಿ ಬೇಕಾದದ್ದು ದಾರದ ಉದ್ದವಲ್ಲ, ಬಲ.

ಇವುಗಳಲ್ಲಿ ಒಂದು ಗುಂಪನ್ನು ಆರಿಸಿಕೊಳ್ಳಿ. ಎಲ್ಲಾ ಮೀನಿಗೂ ಆಗುವ ಒಂದೇ ಸೆಟ್ ಬೇಕು ಎಂದು ಹೊರಟರೆ ಯಾವುದಕ್ಕೂ ಸರಿಯಾಗದ ಸೆಟ್ ಕೈಗೆ ಬರುತ್ತದೆ.

2. ದಾರ

ಅಂಗಡಿಯಲ್ಲಿ ಮೂರು ಬಗೆಯ ದಾರ ಸಿಗುತ್ತದೆ.

ಮೊದಲನೆಯದು ನೈಲಾನ್ ದಾರ. ನಮ್ಮ ಹಳ್ಳಿಗಳಲ್ಲಿ ತಂಗೂಸಿ ಎನ್ನುವುದು ಇದನ್ನೇ. ಪ್ಯಾಕೆಟ್ ಮೇಲೆ ಮಾನೋಫಿಲಮೆಂಟ್ ಅಥವಾ ಮೊನೊ ಎಂದು ಬರೆದಿರುತ್ತದೆ, ಅಂದರೆ ಒಂದೇ ಎಳೆಯ ದಾರ. ಅಗ್ಗ. ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಈ ಹಿಗ್ಗುವ ಗುಣ ಕಲಿಯುವವರನ್ನು ಕಾಪಾಡುತ್ತದೆ: ಮೀನು ದಿಢೀರ್ ಎಂದು ಎಳೆದಾಗ, ನೀವು ಗಾಬರಿಯಲ್ಲಿ ರಾಡ್ ಜಗ್ಗಿದಾಗ, ಆ ಹೊಡೆತವನ್ನು ದಾರ ನುಂಗಿಕೊಳ್ಳುತ್ತದೆ. ಕಲ್ಲಿಗೆ ಉಜ್ಜಿದರೂ ತಕ್ಕಮಟ್ಟಿಗೆ ತಡೆಯುತ್ತದೆ.

ಎರಡನೆಯದು ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದ ದಾರ. ಪ್ಯಾಕೆಟ್ ಮೇಲೆ ಪಿಇ ಎಂದೂ ಇರುತ್ತದೆ. 4 ಎಳೆ, 8 ಎಳೆಯದು ಸಿಗುತ್ತದೆ. ತೆಳ್ಳಗಿದ್ದರೂ ತುಂಬಾ ಗಟ್ಟಿ, ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಮೀನು ಮುಟ್ಟಿದ್ದು ಕೂಡ ಬೆರಳಿಗೆ ತಿಳಿಯುತ್ತದೆ. ಜೊಂಡಿನಲ್ಲಿ ಕೊರವ ಹಿಡಿಯಲು ಇದೇ ಬೇಕು. ಆದರೆ ಕಲ್ಲಿನ ಅಂಚಿಗೆ ತಾಗಿದರೆ ಬೇಗ ಹರಿಯುತ್ತದೆ. ಮಾರಿಕಣಿವೆಯ ಕಲ್ಲು ತಳದಲ್ಲಿ ಬರೀ ಬ್ರೇಡ್ ಹಾಕಬೇಡಿ. ಇನ್ನೊಂದು ಮಾತು: ಬ್ರೇಡ್ ಸಿಕ್ಕಿಕೊಂಡಾಗ ಬರಿಗೈಗೆ ಸುತ್ತಿ ಎಳೆಯಬೇಡಿ. ಚಾಕುವಿನ ಹಾಗೆ ಚರ್ಮ ಕೊಯ್ಯುತ್ತದೆ. ಒಂದು ಕಡ್ಡಿಗೆ ಸುತ್ತಿ ಎಳೆಯಿರಿ.

ಮೂರನೆಯದು ಫ್ಲೋರೋಕಾರ್ಬನ್. ನೀರಿನಲ್ಲಿ ಕಡಿಮೆ ಕಾಣುತ್ತದೆ, ಬೇಗ ಮುಳುಗುತ್ತದೆ, ಬೆಲೆ ಜಾಸ್ತಿ. ಇದನ್ನು ಗಾಳದ ಹತ್ತಿರದ ಒಂದೆರಡು ಮೀಟರ್ ತುದಿದಾರಕ್ಕೆ (ಲೀಡರ್ ಅನ್ನುತ್ತಾರೆ) ಮಾತ್ರ ಬಳಸಿದರೆ ಸಾಕು. ನಮ್ಮ ಕೆರೆಗಳ ಕೆಂಪು ಕಲಕು ನೀರಿಗೆ ಅದೂ ಬೇಕಿಲ್ಲ.

ಮೊದಲ ಸೆಟ್‌ಗೆ ನೈಲಾನ್ ತೆಗೆದುಕೊಳ್ಳಿ. ಇದರಲ್ಲಿ ಎರಡನೇ ಯೋಚನೆ ಬೇಡ.

ಎಷ್ಟು ದಪ್ಪ? ಪ್ಯಾಕೆಟ್ ಮೇಲೆ ಎರಡು ಅಂಕಿ ಇರುತ್ತವೆ, ಒಂದು ದಪ್ಪ ಮಿಲಿಮೀಟರ್‌ನಲ್ಲಿ, ಇನ್ನೊಂದು ತಾಳುವ ಭಾರ ಕಿಲೋ ಅಥವಾ ಪೌಂಡಿನಲ್ಲಿ. ಪೌಂಡನ್ನು ಅರ್ಧ ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆದರೆ ಕಿಲೋ ಬರುತ್ತದೆ. 10 ಪೌಂಡ್ ಅಂದರೆ 4.5 ಕಿಲೋ, 20 ಪೌಂಡ್ ಅಂದರೆ 9 ಕಿಲೋ. ನೈಲಾನ್‌ನಲ್ಲಿ 0.25 ಮಿ.ಮೀ. ಸುಮಾರು 5 ಕಿಲೋ ತಾಳುತ್ತದೆ, 0.30 ಸುಮಾರು 6ರಿಂದ 7, 0.35 ಸುಮಾರು 8ರಿಂದ 10. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಯಾವುದಾದರೂ ಪ್ಯಾಕೆಟ್ 0.25ಕ್ಕೆ 15 ಕಿಲೋ ನೈಲಾನ್ ಎಂದು ಹೇಳಿದರೆ ನಂಬಬೇಡಿ.

ಜಿಲೇಬಿ, ಗಿರ್ಲಿಗೆ 0.20ರಿಂದ 0.25. ದೊಡ್ಡ ಗೆಂಡೆಗೆ ಬಯಲು ನೀರಿನಲ್ಲಿ 0.30ರಿಂದ 0.35. ಜಾಲಿ, ಗಂಟಿ ಇರುವ ಕಡೆ 0.40. ಕೊರವಕ್ಕೆ 30ರಿಂದ 50 ಪೌಂಡಿನ ಬ್ರೇಡ್.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದು ಬರುತ್ತದೆ: "8 ಕಿಲೋ ಕಾಟ್ಲಾ ಸಿಕ್ಕರೆ 6 ಕಿಲೋ ದಾರ ಹರಿಯಲ್ವಾ?" ಹರಿಯುವುದಿಲ್ಲ. ನೀರಿನಲ್ಲಿ ಇರುವಷ್ಟು ಹೊತ್ತು ಮೀನಿನ ಭಾರ ದಾರದ ಮೇಲೆ ಬೀಳುವುದಿಲ್ಲ. ಬೀಳುವುದು ಅದು ಎಳೆಯುವ ಬಲ. ಆ ಬಲ ಜಾಸ್ತಿಯಾದಾಗ ರೀಲ್ ದಾರ ಬಿಟ್ಟುಕೊಡುತ್ತದೆ, ರಾಡ್ ಬಾಗುತ್ತದೆ. ಓಡಲು ಜಾಗ ಇದ್ದರೆ 6 ಕಿಲೋ ದಾರದಲ್ಲಿ 8 ಕಿಲೋ ಮೀನನ್ನು ನಿಧಾನವಾಗಿ ದಣಿಸಿ ತರಬಹುದು. ಕೊನೆಗೆ ದಾರ ಹಿಡಿದು ಮೇಲೆತ್ತುವ ಕೆಲಸ ಮಾತ್ರ ಮಾಡಬೇಡಿ. ದಡದಲ್ಲಿ ಮೀನು ಕಳೆದುಕೊಳ್ಳುವವರು ಕಳೆದುಕೊಳ್ಳುವುದು ಅಲ್ಲೇ. ಕೈಬಲೆ ಬಳಸಿ.

ಹೊಸ ದಾರವಾದರೂ ಪರೀಕ್ಷೆ ಮಾಡಿ. ಒಂದು ಮೀಟರ್ ಬಿಚ್ಚಿ, ಹೆಬ್ಬೆರಳ ಉಗುರಿನ ಅಂಚಿನ ಮೇಲೆ ನಿಧಾನವಾಗಿ ಎಳೆಯಿರಿ. ಉಗುರಿಗೆ ಗರಗರ ಎನಿಸಿದರೆ, ಎಲ್ಲಾದರೂ ಗಂಟಿನಂತೆ ತಡೆದರೆ ಬೇಡ. ಆಮೇಲೆ ನಡುವೆ ಒಂದು ಸಾದಾ ಗಂಟು ಹಾಕಿ ಎರಡೂ ಕೈಗೆ ಬಟ್ಟೆ ಸುತ್ತಿ ಜಗ್ಗಿ. ಒಳ್ಳೆಯ ದಾರ ಮೊದಲು ಹಿಗ್ಗಿ ಆಮೇಲೆ ಹರಿಯುತ್ತದೆ. ಕೆಟ್ಟುಹೋದದ್ದು ಹಿಗ್ಗದೆ ಟಪ್ ಎನ್ನುತ್ತದೆ. ನೈಲಾನ್‌ಗೆ ಬಿಸಿಲು ಆಗಿಬರುವುದಿಲ್ಲ. ಅಂಗಡಿಯ ಮುಂದೆ ಬಿಸಿಲಿಗೆ ನೇತುಹಾಕಿದ ಉಂಡೆ ತರಬೇಡಿ, ಒಳಗಿನ ಡಬ್ಬಿಯಿಂದ ತೆಗೆಸಿ. ನಾನು ಒಂದು ಬೇಸಿಗೆ ಪೂರ್ತಿ ರೀಲನ್ನು ಕಿಟಕಿಯ ಹತ್ತಿರ ಇಟ್ಟು, ಅದೇ ದಾರದಲ್ಲಿ ಸೂಳೆಕೆರೆಗೆ ಹೋಗಿದ್ದೆ. ಕೈಗೆ ಸಿಕ್ಕ ದೊಡ್ಡ ಗೆಂಡೆ ಮೊದಲ ಓಟದಲ್ಲೇ ಹರಿದುಕೊಂಡು ಹೋಯಿತು, ಬಾಯಲ್ಲಿ ಗಾಳದ ಸಮೇತ. ಆ ಮೀನಿನ ಬಗ್ಗೆ ಈಗಲೂ ಬೇಜಾರಿದೆ. ಅಂದಿನಿಂದ ವರ್ಷಕ್ಕೊಮ್ಮೆ ನೈಲಾನ್ ಬದಲಿಸುತ್ತೇನೆ.

3. ರೀಲ್

ಸ್ಪಿನ್ನಿಂಗ್ ರೀಲ್ ತೆಗೆದುಕೊಳ್ಳಿ. ರಾಡ್‌ನ ಕೆಳಗೆ ನೇತಾಡುವ, ಮುಂದೆ ತಂತಿಯ ಕಮಾನು ಇರುವ ರೀಲ್ ಇದು. ಕಮಾನು ಎತ್ತಿದರೆ ದಾರ ಸಲೀಸಾಗಿ ಹೊರಗೆ ಹೋಗುತ್ತದೆ. ರಾಡ್‌ನ ಮೇಲೆ ಕೂರುವ ಬೈಟ್‌ಕಾಸ್ಟರ್ ಎಂಬ ಬಗೆ ಇದೆ. ಕೊರವದ ಬೇಟೆಗೆ ಚೆನ್ನಾಗಿರುತ್ತದೆ. ಆದರೆ ಎಸೆಯುವಾಗ ಹೆಬ್ಬೆರಳಲ್ಲಿ ತಡೆಯುವುದು ಅಭ್ಯಾಸ ಆಗದಿದ್ದರೆ ದಾರ ಹಕ್ಕಿಗೂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಅದು ಎರಡನೇ ವರ್ಷಕ್ಕೆ ಇರಲಿ.

ರೀಲ್‌ಗೆ 1000, 2000, 3000, 4000 ಎಂದು ನಂಬರ್ ಇರುತ್ತದೆ. ಅದು ಗಾತ್ರ. ಸಣ್ಣ ಮೀನಿಗೆ 2000 ಅಥವಾ 2500. ಗೆಂಡೆಗೆ 4000. ನಂಬರಿಗಿಂತ ಮುಖ್ಯ, ದಾರ ಸುತ್ತುವ ಬಟ್ಟಲಿನ (ಸ್ಪೂಲ್) ಮೇಲೆ ಬರೆದ ಅಳತೆ. "0.30/180" ಎಂದಿದ್ದರೆ 0.30 ಮಿ.ಮೀ. ದಾರ 180 ಮೀಟರ್ ಹಿಡಿಸುತ್ತದೆ ಎಂದರ್ಥ. ಗೆಂಡೆಗೆ 150 ಮೀಟರ್‌ಗಿಂತ ಕಡಿಮೆ ಬೇಡ. ಹಿಂದಿನ ಹೆಜ್ಜೆಯಲ್ಲಿ ದಾರ ಮೊದಲು ತೀರ್ಮಾನ ಮಾಡಿ ಎಂದದ್ದು ಇದಕ್ಕೇ.

"5.2:1" ಎಂದಿದ್ದರೆ ಹಿಡಿಕೆ ಒಂದು ಸುತ್ತು ತಿರುಗಿಸಿದಾಗ ದಾರ ಸುತ್ತುವ ಭಾಗ 5.2 ಸುತ್ತು ತಿರುಗುತ್ತದೆ. ನಮ್ಮ ಕೆಲಸಕ್ಕೆ 5ರ ಆಸುಪಾಸು ಸರಿ.

ಬೇರಿಂಗ್ ಎಣಿಕೆಗೆ ಮೋಸ ಹೋಗಬೇಡಿ. ಅಗ್ಗದ ರೀಲ್ ಮೇಲೆ "12+1" ಎಂದು ದೊಡ್ಡದಾಗಿ ಬರೆದಿರುತ್ತಾರೆ. ನಾಲ್ಕೈದು ಒಳ್ಳೆಯ ಬೇರಿಂಗ್ ಇರುವ ರೀಲ್ ಅದಕ್ಕಿಂತ ಎಷ್ಟೋ ಮೇಲು. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಹೀಗೆ ನೋಡಿ:

ಹಿಡಿಕೆ ನಿಧಾನವಾಗಿ ತಿರುಗಿಸಿ. ಮರಳು ಇದ್ದ ಹಾಗೆ ಕರಕರ ಎನ್ನಬಾರದು. ಹಿಡಿಕೆಯನ್ನು ಅಕ್ಕಪಕ್ಕ ಅಲ್ಲಾಡಿಸಿ. ಸ್ವಲ್ಪ ಆಡಿದರೆ ಪರವಾಗಿಲ್ಲ, ಲೊಡಲೊಡ ಎಂದರೆ ಬೇಡ. ಕಮಾನನ್ನು ಹತ್ತು ಸಲ ಎತ್ತಿ ಇಳಿಸಿ, ಪ್ರತಿ ಸಲವೂ ಗಟ್ಟಿಯಾಗಿ ಕೂರಬೇಕು. ಆಮೇಲೆ ಹೆಚ್ಚಿನವರು ನೋಡದ ಒಂದು ಜಾಗ: ಕಮಾನಿನ ತುದಿಯಲ್ಲಿ ದಾರ ಹಾದುಹೋಗುವ ಸಣ್ಣ ಉರುಳೆ. ಕಡಲೆಕಾಳಿನಷ್ಟಿರುತ್ತದೆ. ಬೆರಳ ತುದಿಯಿಂದ ತಳ್ಳಿದರೆ ಅದು ತಿರುಗಲೇಬೇಕು. ತಿರುಗದಿದ್ದರೆ ದಾರ ಒಂದೇ ಕಡೆ ಉಜ್ಜಿ ಸವೆಯುತ್ತದೆ, ಹುರಿಗೊಳ್ಳುತ್ತದೆ. ಆಮೇಲೆ ನೀವು ದಾರವನ್ನು ಬೈಯುತ್ತೀರಿ, ತಪ್ಪು ಮಾತ್ರ ಉರುಳೆಯದು.

ಕೊನೆಯದಾಗಿ ಡ್ರ್ಯಾಗ್. ಮೀನು ಜೋರಾಗಿ ಎಳೆದಾಗ ಸ್ಪೂಲ್ ಜಾರಿ ದಾರ ಬಿಡುವ ಬ್ರೇಕ್ ಇದು. ಸ್ಪೂಲ್ ಮುಂದಿನ ತಿರುಪನ್ನು ತಿರುಗಿಸಿ ಬಿಗಿ, ಸಡಿಲ ಮಾಡುತ್ತೇವೆ. ಅರ್ಧ ಬಿಗಿ ಮಾಡಿ ದಾರ ಎಳೆಯಿರಿ. ಒಂದೇ ಸಮ ಜಾರಬೇಕು. ನಿಂತು, ಜಗ್ಗಿ, ಮತ್ತೆ ನಿಂತು ಬಿಟ್ಟರೆ ಆ ರೀಲ್ ಬೇಡವೇ ಬೇಡ. ರೀಲ್‌ನಲ್ಲಿ ನಾನು ದುಡ್ಡು ಕೊಡುವುದು ಇದೊಂದಕ್ಕೆ.

4. ರಾಡ್

ಉದ್ದ: ಸಣ್ಣ ಮೀನು, ಸಣ್ಣ ಕೆರೆಗೆ 6ರಿಂದ 7 ಅಡಿ. ಸೂಳೆಕೆರೆ, ಮಾರಿಕಣಿವೆಯಂಥ ಬಯಲು ನೀರಿಗೆ 8ರಿಂದ 9 ಅಡಿ. ಉದ್ದ ಇದ್ದಷ್ಟೂ ದೂರ ಹೋಗುತ್ತದೆ ಎಂದು 12 ಅಡಿ ತರಬೇಡಿ. ಏರಿಯ ಮೇಲೆ ಹಿಂದೆ ಮರ, ತಂತಿ ಇರುತ್ತವೆ, ಬೀಸಲು ಜಾಗ ಸಿಗುವುದಿಲ್ಲ. ತೋಳೂ ನೋಯುತ್ತದೆ.

ಬಲ: ಲೈಟ್, ಮೀಡಿಯಂ, ಹೆವಿ ಎಂದು ಬರೆದಿರುತ್ತಾರೆ. ರಾಡ್ ಬಾಗಿಸಲು ಎಷ್ಟು ಬಲ ಬೇಕು ಎಂಬುದು ಇದರ ಅರ್ಥ. ಮೊದಲ ಸಲಕ್ಕೆ ಮೀಡಿಯಂ. ಕೊರವಕ್ಕೆ ಮೀಡಿಯಂ ಹೆವಿ.

ಬಾಗು: ಇದಕ್ಕೆ ಆ್ಯಕ್ಷನ್ ಎನ್ನುತ್ತಾರೆ. ಫಾಸ್ಟ್ ಅಂದರೆ ತುದಿ ಮಾತ್ರ ಬಾಗುತ್ತದೆ. ಮಾಡರೇಟ್ ಅಂದರೆ ನಡುವಿನವರೆಗೂ ಬಾಗುತ್ತದೆ. ಹಿಟ್ಟಿನ ಎರೆ ಹಾಕಿ ಗೆಂಡೆಗೆ ಕಾಯುವವರಿಗೆ ಮಾಡರೇಟ್ ಒಳ್ಳೆಯದು. ಮೆತ್ತಗಿನ ಹಿಟ್ಟು ಎಸೆಯುವಾಗ ಉದುರುವುದಿಲ್ಲ, ಮೀನಿನ ಬಾಯಿಯೂ ಹರಿಯುವುದಿಲ್ಲ.

ಇನ್ನು ನಮ್ಮ ಕಡೆ ರಾಡ್ ಮುರಿಯುವುದಕ್ಕೆ ನಾನು ಕಂಡ ದೊಡ್ಡ ಕಾರಣ. ಹಿಡಿಯ ಮೇಲೆ "10–30 ಗ್ರಾಂ" ಎಂಬಂಥ ಅಂಕಿ ಇರುತ್ತದೆ. ಆ ರಾಡ್ ಎಸೆಯಬಲ್ಲ ಭಾರ ಅದು. ಹಿಡಿಯಬಲ್ಲ ಮೀನಿನ ಭಾರಕ್ಕೂ ಅದಕ್ಕೂ ಸಂಬಂಧ ಇಲ್ಲ. ನಮ್ಮವರು ಸ್ಪ್ರಿಂಗ್ ಗಾಳಕ್ಕೆ (ಸುರುಳಿ ತಂತಿಯ ಸುತ್ತ ಹಿಟ್ಟು ಮೆತ್ತಿ, ಸುತ್ತ ಮೂರ್ನಾಲ್ಕು ಗಾಳ ಬಿಡುವುದು) ಶೇಂಗಾ ಹಿಂಡಿ, ಗೋಧಿ ಹಿಟ್ಟು ಕಲಸಿ ನಿಂಬೆಹಣ್ಣಿಗಿಂತ ದಪ್ಪ ಉಂಡೆ ಕಟ್ಟುತ್ತಾರೆ. ಸೀಸ, ತಂತಿ, ಒದ್ದೆ ಹಿಟ್ಟು ಎಲ್ಲಾ ಸೇರಿ 80–100 ಗ್ರಾಂ ದಾಟಿಬಿಡುತ್ತದೆ. ಅದನ್ನು 30 ಗ್ರಾಂ ರಾಡ್‌ನಲ್ಲಿ ಜೋರಾಗಿ ಬೀಸಿದರೆ ತುದಿ ಮುರಿಯದೆ ಇರುತ್ತದೆಯೇ? ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಸಲ ನಿಮ್ಮ ಉಂಡೆ ತೂಗಿ ನೋಡಿ. ಸ್ಪ್ರಿಂಗ್ ಗಾಳವೇ ಹಾಕುವುದಾದರೆ 40–100 ಗ್ರಾಂ ಬರೆದ ರಾಡ್ ತನ್ನಿ. ಇಲ್ಲವೇ ಉಂಡೆ ಸಣ್ಣದು ಮಾಡಿ.

ಯಾವುದರಿಂದ ಮಾಡಿದ್ದು? ಫೈಬರ್ ಗ್ಲಾಸ್ ರಾಡ್ ಭಾರ, ಆದರೆ ಬಿದ್ದರೂ ತುಳಿದರೂ ಬೇಗ ಮುರಿಯುವುದಿಲ್ಲ. ಕಾರ್ಬನ್ ಹಗುರ, ಬೆರಳಿಗೆ ಸೂಕ್ಷ್ಮ ತಿಳಿಯುತ್ತದೆ, ಆದರೆ ಕಲ್ಲಿಗೆ ಒಂದು ಪೆಟ್ಟು ಬಿದ್ದರೆ ಕಾಣದ ಬಿರುಕು ಬಿಟ್ಟು ಮುಂದಿನ ಎಸೆತಕ್ಕೆ ಮುರಿಯುತ್ತದೆ. ಮೊದಲ ರಾಡ್ ಫೈಬರ್ ಅಥವಾ ಎರಡೂ ಬೆರೆಸಿದ್ದು ಇರಲಿ.

ಎಚ್ಚರ: ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ. ಏರಿಯ ಮೇಲೆ, ತೋಟದ ಪಕ್ಕದ ನಾಲೆಯ ಮೇಲೆ ಕರೆಂಟ್ ತಂತಿ ಹಾದುಹೋಗಿರುತ್ತದೆ. ರಾಡ್ ಬೀಸುವ ಮುಂಚೆ ತಲೆ ಎತ್ತಿ ನೋಡಿ. ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ದೂರ ಬನ್ನಿ. ಇದು ಜೀವದ ಪ್ರಶ್ನೆ.

ಒಂದರೊಳಗೆ ಒಂದು ಸೇರುವ ಟೆಲಿಸ್ಕೋಪ್ ರಾಡ್ ಬ್ಯಾಗಿನಲ್ಲಿ ಹಿಡಿಯುತ್ತದೆ ಎಂದು ಎಲ್ಲರಿಗೂ ಇಷ್ಟ. ಆದರೆ ಕೆರೆಯ ದಡದ ಮರಳು ಒಳಗೆ ಹೋದರೆ ಸಂದು ಕಚ್ಚಿಕೊಳ್ಳುತ್ತದೆ, ಜಗ್ಗಿದರೆ ಸೀಳುತ್ತದೆ. ಎರಡು ತುಂಡಿನ ರಾಡ್ ನನಗೆ ಮೆಚ್ಚು. 7 ಅಡಿಯದು ಮೂರೂವರೆ ಅಡಿಗೆ ಬರುತ್ತದೆ, ಬೈಕಿಗೆ ಉದ್ದಕ್ಕೆ ಕಟ್ಟಿಕೊಂಡು ಹೋಗಬಹುದು. ಪಿವಿಸಿ ಪೈಪ್ ಒಂದರೊಳಗೆ ಇಟ್ಟರೆ ಬಸ್ಸಿನಲ್ಲೂ ಚಿಂತೆ ಇಲ್ಲ.

ಅಂಗಡಿಗೆ ಹೋಗುವಾಗ ಸ್ವಲ್ಪ ಹತ್ತಿ ಜೇಬಿನಲ್ಲಿಟ್ಟುಕೊಳ್ಳಿ. ರಾಡ್ ಮೇಲೆ ದಾರ ಹಾಯುವ ಬಳೆಗಳಿವೆಯಲ್ಲ, ಒಂದೊಂದರ ಒಳಗೂ ಹತ್ತಿ ತಿರುಗಿಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಆ ಬಿರುಕು ನಿಮ್ಮ ದಾರವನ್ನು ಗರಗಸದ ಹಾಗೆ ಕೊಯ್ಯುತ್ತದೆ. ಆಮೇಲೆ ರಾಡನ್ನು ಕಣ್ಣಿಗೆ ಹಿಡಿದು ಬುಡದಿಂದ ತುದಿಗೆ ನೋಡಿ, ಬಳೆಗಳು ಒಂದೇ ಸಾಲಿನಲ್ಲಿ ಇರಬೇಕು. ನಿಮ್ಮ ರೀಲನ್ನೇ ಕೂರಿಸಿ ಹಿಡಿದು ನೋಡಿ. ರೀಲ್‌ನ ಕಾಲಿನ ಸ್ವಲ್ಪ ಮುಂದೆ ಎರಡು ಬೆರಳ ಮೇಲೆ ಸಮತೂಕ ನಿಂತರೆ ಜೋಡಿ ಸರಿ.

ದುಡ್ಡಿನ ಹಂಚಿಕೆ ಹೇಳಿ ಎನ್ನುತ್ತೀರಿ. ಕೈಯಲ್ಲಿ 3000 ರೂಪಾಯಿ ಇದೆ ಎಂದುಕೊಳ್ಳಿ. ನಾನಾದರೆ ರೀಲಿಗೆ 1400, ರಾಡಿಗೆ 1000, ದಾರಕ್ಕೆ 300, ಉಳಿದದ್ದು ಗಾಳ, ಸೀಸ, ಬೆಂಡಿಗೆ ಇಡುತ್ತೇನೆ. ಆನ್‌ಲೈನ್ ಸೆಟ್ ಈಗಾಗಲೇ ತರಿಸಿದ್ದರೆ ಬಿಸಾಡಬೇಡಿ. ಅದರ ಜೊತೆ ಬಂದ ದಾರ ಮಾತ್ರ ಬಿಚ್ಚಿ ತೆಗೆದು ಹೊಸದು ಹಾಕಿ. ಅರ್ಧ ತೊಂದರೆ ಅಲ್ಲಿಗೇ ಕಡಿಮೆಯಾಗುತ್ತದೆ.

5. ದಾರ ತುಂಬುವುದು

ಇದಕ್ಕೆ ಇಬ್ಬರು ಬೇಕು. ರಾಡ್‌ನ ಬುಡದ ಭಾಗ ಮಾತ್ರ ಜೋಡಿಸಿ, ರೀಲ್ ಕೂರಿಸಿ. ದಾರವನ್ನು ಬಳೆಯೊಳಗಿಂದ ತಂದು, ಮೊದಲು ಕಮಾನು ಎತ್ತಿ, ಆಮೇಲೆ ಸ್ಪೂಲ್‌ಗೆ ಗಂಟು ಹಾಕಿ. ಕಮಾನು ಎತ್ತದೆ ಗಂಟು ಹಾಕಿ, ಎಷ್ಟು ತಿರುಗಿಸಿದರೂ ದಾರ ಸುತ್ತುತ್ತಿಲ್ಲ ಎನ್ನುವವರು ಬಹಳ ಜನ.

ದಾರದ ಉಂಡೆಯನ್ನು ಹೆಸರಿನ ಚೀಟಿ ಮೇಲೆ ಬರುವಂತೆ ನೆಲದ ಮೇಲೆ ಮಲಗಿಸಿ. ಒದ್ದೆ ಬಟ್ಟೆಯ ನಡುವೆ ದಾರ ಹಿಡಿದು, ಸ್ವಲ್ಪ ಬಿಗಿಯಾಗಿ ಇಪ್ಪತ್ತು ಸುತ್ತು ತಿರುಗಿಸಿ ನಿಲ್ಲಿಸಿ. ಈಗ ದಾರ ಸಡಿಲ ಬಿಡಿ. ಸುರುಳಿ ಸುರುಳಿಯಾಗಿ ಹೆಣೆದುಕೊಂಡರೆ ಉಂಡೆಯನ್ನು ಮಗುಚಿ ಹಾಕಿ ಮುಂದುವರಿಸಿ. ನೆಟ್ಟಗೆ ಇದ್ದರೆ ಹಾಗೇ ಸುತ್ತಿ.

ಸ್ಪೂಲ್‌ನ ಅಂಚಿಗೆ 2 ಮಿಲಿಮೀಟರ್ ಉಳಿಯುವವರೆಗೆ ತುಂಬಿ. ಅದಕ್ಕಿಂತ ಜಾಸ್ತಿ ತುಂಬಿದರೆ ಎಸೆಯುವಾಗ ಗೊಂಚಲು ಗೊಂಚಲಾಗಿ ಬಿಚ್ಚಿಕೊಳ್ಳುತ್ತದೆ. ಕಡಿಮೆ ತುಂಬಿದರೆ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ. ಬ್ರೇಡ್ ತುಂಬುವುದಾದರೆ ಕೆಳಗೆ ಹತ್ತು ಹನ್ನೆರಡು ಸುತ್ತು ನೈಲಾನ್ ಸುತ್ತಿ ಅದಕ್ಕೆ ಸೇರಿಸಿ. ಇಲ್ಲದಿದ್ದರೆ ಬ್ರೇಡ್ ಪೂರ್ತಿ ಸ್ಪೂಲ್ ಮೇಲೆ ಗಿರಗಿರ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

6. ಡ್ರ್ಯಾಗ್ ಹೊಂದಿಸುವುದು

ದಾರ ತಾಳುವ ಭಾರದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದ ನಡುವೆ ಡ್ರ್ಯಾಗ್ ಜಾರಬೇಕು. ಗಂಟು ಹಾಕಿದ ಕಡೆ ದಾರದ ಬಲ ಕಡಿಮೆ ಇರುತ್ತದೆ, ಮೀನಿನ ಎಳೆತ ಒಂದೇ ಸಮ ಇರುವುದಿಲ್ಲ, ಅದಕ್ಕೇ ಇಷ್ಟು ಬಿಡುವು.

ಮನೆಯಲ್ಲೇ ನೋಡುವ ದಾರಿ ಹೀಗಿದೆ. ಒಂದು ಲೀಟರ್ ನೀರು ತುಂಬಿದ ಬಾಟಲಿ ಸುಮಾರು ಒಂದು ಕಿಲೋ, ಎರಡು ಲೀಟರಿನದು ಎರಡು ಕಿಲೋ. ನಿಮ್ಮ ದಾರ 5–6 ಕಿಲೋದ್ದಾದರೆ, ರೀಲನ್ನು ಕೈಯಲ್ಲಿ ಹಿಡಿದು ದಾರವನ್ನು ನೇರ ಕೆಳಗೆ ಬಿಟ್ಟು ಒಂದು ಲೀಟರ್ ಬಾಟಲಿಯ ಕುತ್ತಿಗೆಗೆ ಕಟ್ಟಿ. ಎತ್ತಿದರೆ ಬಾಟಲಿ ಮೇಲೆ ಬರಬೇಕು. ಆಮೇಲೆ ಎರಡು ಲೀಟರ್ ಬಾಟಲಿ ಕಟ್ಟಿ. ಅದನ್ನು ಎತ್ತಲು ಹೋದರೆ ಬಾಟಲಿ ನೆಲದಲ್ಲೇ ಇದ್ದು ದಾರ ಬಿಚ್ಚಿಕೊಳ್ಳಬೇಕು. ಈ ಎರಡರ ನಡುವೆ ತಿರುಪು ನಿಂತರೆ ಸರಿ.

ಮೀನು ಕಚ್ಚಿದಾಗ ಗಾಬರಿಗೆ ಡ್ರ್ಯಾಗ್ ಬಿಗಿ ಮಾಡಬೇಡಿ. ಅದು ಓಡುವಾಗ ಹಿಡಿಕೆಯನ್ನೂ ತಿರುಗಿಸಬೇಡಿ. ದಾರ ಹೊರಗೆ ಹೋಗುತ್ತಿರುವಾಗ ಸುತ್ತಿದರೆ ಒಳಗೆ ಬರುವುದು ದಾರವಲ್ಲ, ಹುರಿ ಮಾತ್ರ. ನಿಲ್ಲಲಿ, ಆಮೇಲೆ ರಾಡ್ ಎತ್ತಿ, ಇಳಿಸುತ್ತಾ ಸುತ್ತಿ.

7. ಗಾಳ ಕಟ್ಟುವ ಗಂಟು

ಒಂದೇ ಗಂಟು ಕಲಿತರೆ ಸಾಕು, ಆದರೆ ಕತ್ತಲಲ್ಲೂ ಬರಬೇಕು. ನೈಲಾನ್‌ಗೆ: ದಾರವನ್ನು ಗಾಳದ ಕಣ್ಣಿನೊಳಗೆ ತೂರಿಸಿ. ತುದಿಯನ್ನು ಮುಖ್ಯ ದಾರಕ್ಕೆ ಐದಾರು ಸುತ್ತು ಸುತ್ತಿ. ಕಣ್ಣಿನ ಪಕ್ಕ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ, ತುದಿಯನ್ನು ಅದರೊಳಗೆ ತೂರಿಸಿ. ಈಗ ಹೊಸದಾಗಿ ಆದ ದೊಡ್ಡ ಕುಣಿಕೆಯೊಳಗೂ ತೂರಿಸಿ. ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನವಾಗಿ ಬಿಗಿಯಿರಿ. ಒಣಗಿದ್ದಂತೆ ಸರ್ರನೆ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಸುತ್ತುಗಳು ಸ್ಪ್ರಿಂಗ್‌ನ ಹಾಗೆ ಒಂದರ ಪಕ್ಕ ಒಂದು ಕೂತಿರಬೇಕು. ಒಂದರ ಮೇಲೊಂದು ಏರಿದ್ದರೆ ಕತ್ತರಿಸಿ ಮತ್ತೆ ಕಟ್ಟಿ.

ಬ್ರೇಡ್‌ಗೆ ಈ ಗಂಟು ಜಾರುತ್ತದೆ. ಅದಕ್ಕೆ ದಾರವನ್ನು ಎರಡೆಳೆ ಮಡಚಿ ಕಣ್ಣಿನೊಳಗೆ ತೂರಿಸಿ, ಆ ಎರಡೆಳೆಯಿಂದ ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಗಾಳವನ್ನೇ ದಾಟಿಸಿ, ಒದ್ದೆ ಮಾಡಿ ಬಿಗಿಯಿರಿ.

ಗಾಳದ ನಂಬರ್ ಉಲ್ಟಾ ಎಂದು ನೆನಪಿಡಿ. 10 ನಂಬರ್ ಸಣ್ಣದು, 4 ದೊಡ್ಡದು, 1/0 ಇನ್ನೂ ದೊಡ್ಡದು. ಜಿಲೇಬಿಗೆ 8–10, ಗೆಂಡೆಗೆ 2–6, ಕೊರವಕ್ಕೆ 1/0ರಿಂದ ಮೇಲೆ. ಬಾಳೆ ಮೀನಿಗೆ ಚೂಪು ಹಲ್ಲಿದೆ, ತುದಿಗೆ ದಪ್ಪ ದಾರ ಇಲ್ಲದಿದ್ದರೆ ಕಡಿದುಹೋಗುತ್ತದೆ.

8. ನೀರಿನ ಹತ್ತಿರ

ಭದ್ರಾ ನಾಲೆಯಲ್ಲಿ ನೀರು ಬಿಟ್ಟಾಗ ಗಾಳ ಹಾಕಲು ಇಳಿಯಬೇಡಿ. ಸಿಮೆಂಟಿನ ಇಳಿಜಾರಿಗೆ ಪಾಚಿ ಹಿಡಿದಿರುತ್ತದೆ, ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಈಜು ಬಂದವರೂ ಹೋಗಿದ್ದಾರೆ. ತೂಬಿನ ಬಾಯಿಯ ಹತ್ತಿರವೂ ಬೇಡ.

ಮಳೆಗಾಲದಲ್ಲಿ ಕೆರೆಯ ಅಂಚಿನಲ್ಲಿ ನೀರಿನ ಮೇಲೆ ಕೆಂಪು ಕಿತ್ತಳೆ ಬಣ್ಣದ ಮರಿಗಳ ಗುಂಪೊಂದು ಗುಳುಗುಳು ಎನ್ನುತ್ತಾ ಸುತ್ತುತ್ತಿರುತ್ತದೆ. ಅದು ಕೊರವದ ಮರಿಗಳು. ಕೆಳಗೆ ಅಪ್ಪ ಅಮ್ಮ ಕಾವಲು ಇರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಬೊಂಬೆ (ಕಪ್ಪೆಯ ಆಕಾರದ, ಗಾಳ ಇರುವ ಹುಸಿ ಎರೆ) ಎಸೆದರೆ ಕಾಯುತ್ತಿರುವ ಮೀನು ಸಿಟ್ಟಿಗೆ ಕಚ್ಚುತ್ತದೆ, ಸುಲಭವಾಗಿ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅದನ್ನು ಎತ್ತಿಕೊಂಡು ಬಂದ ಕೂಡಲೇ ಉಳಿದ ಮೀನು ಆ ಮರಿಗಳನ್ನು ತಿಂದು ಮುಗಿಸುತ್ತವೆ.

ಹರಿದ ದಾರ ದಡದಲ್ಲಿ ಬಿಡಬೇಡಿ. ತಂಗೂಸಿ ಕೊಳೆಯುವುದಿಲ್ಲ. ನೀರುಕಾಗೆ, ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಂಡು ಸಾಯುತ್ತವೆ. ನೀರು ಕುಡಿಯಲು ಬರುವ ದನಗಳ ಗೊರಸಿಗೂ ಸಿಕ್ಕಿಕೊಳ್ಳುತ್ತದೆ. ಬ್ಯಾಗಿನಲ್ಲಿ ಒಂದು ಹಳೇ ಡಬ್ಬಿ ಇಟ್ಟುಕೊಳ್ಳಿ, ತುಂಡು ದಾರವೆಲ್ಲ ಅದಕ್ಕೆ ಹಾಕಿ. ಮನೆಗೆ ಬಂದು ಸಣ್ಣ ಸಣ್ಣದಾಗಿ ಕತ್ತರಿಸಿ ಕಸಕ್ಕೆ ಹಾಕಿ.

ಅದೇ ಹೊತ್ತಿಗೆ ರೀಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಉರುಳೆಗೆ ಒಂದು ಹನಿ ಎಣ್ಣೆ ಬಿಡಿ. ಗಾಳದ ಹತ್ತಿರದ ಎರಡು ಮೀಟರ್ ದಾರ ಕತ್ತರಿಸಿ ತೆಗೆಯಿರಿ, ಹೆಚ್ಚು ಸವೆದಿರುವುದು ಅದೇ. ಡ್ರ್ಯಾಗ್ ತಿರುಪು ಪೂರ್ತಿ ಸಡಿಲ ಮಾಡಿ ಇಡಿ. ಬಿಗಿಯಾಗೇ ಬಿಟ್ಟರೆ ಒಳಗಿನ ಬಿಲ್ಲೆಗಳು ಒತ್ತಿ ಅಂಟಿಕೊಳ್ಳುತ್ತವೆ, ಮುಂದಿನ ಸಲ ಜಾರುವುದಿಲ್ಲ. ಮುಂದಿನ ಭಾನುವಾರ ಹೊರಡುವ ಮುಂಚೆ ಬಾಟಲಿ ಕಟ್ಟಿ ಮತ್ತೆ ಹೊಂದಿಸಿಕೊಳ್ಳಿ.